ಸೊಂಟದ ಅಳತೆಯೊಂದೇ ಸಾಲದು

ಮಾನ್ಯರೇ,

ಮೊದಲ ಹೆರಿಗೆ ಸಿಸೇರಿಯನ್ ಆದವರಿಗೆ, ಸೊಂಟದ (ಮಗು ಹಾದುಬರುವ ಮೂಳೆದಾರಿಯ) ಅಳತೆ ನೋಡಿಯೇ ‘ಈ ಸಲವೂ ಆಪರೇಷನ್ನೇ’ ಎಂದುಬಿಡುವುದು ಸರಿಯಲ್ಲ. ಒಳಪರೀಕ್ಷೆಯಲ್ಲಿ ಸೊಂಟದ ಮುಂಬದಿಯ ಮೂಳೆಯ ಕೆಳಅಂಚಿನಿಂದ ಬೆನ್ನಿನ ಬುಡದ ಉಬ್ಬಿನವರೆಗೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ದಾರಿ ಕಿರಿದೆಂದು ಅನುಮಾನ ಪಡಬೇಕು, ನಿಜ. ಆದರೆ ಹೆರಿಗೆ ನೋವಿನಲ್ಲಿ ಲೆಕ್ಕವೇ ಬೇರೆ. ಕೀಲುಗಳು ಸಡಿಲವಾಗುತ್ತವೆ, ಮಗುವಿನ ತಲೆಮೂಳೆಗಳು ಒಂದರ ಮೇಲೊಂದು ಜರುಗಿ ತಲೆ ಕಿರಿದಾಗುತ್ತದೆ, ಗದ್ದ ಎದೆಗೆ ಒತ್ತಿದ್ದರೆ ಇನ್ನೂ ಸಲೀಸು. ಎಕ್ಸ್‌ರೇಯಲ್ಲಿ ಇದ್ಯಾವುದೂ ಕಾಣದು.

ಮೊದಲು ನೋಡಬೇಕಾದದ್ದು ಗರ್ಭಕೋಶದ ಹಳೆಯ ಕೊಯ್ತ. ಹೊಟ್ಟೆಯ ಮೇಲಿನ ಕಲೆ ಅದನ್ನು ತಿಳಿಸುವುದಿಲ್ಲ. ಹಿಂದಿನ ಆಪರೇಷನ್ನಿನ ದಾಖಲೆಯನ್ನೇ ತರಿಸಬೇಕು. ಕೆಳಭಾಗದ ಒಂದು ಅಡ್ಡ ಕೊಯ್ತವಾದರೆ ನೋವಿನ ವೇಳೆ ಅದು ಬಿರಿಯುವ ಸಂಭವ ಸುಮಾರು 200ಕ್ಕೆ 1. ಮೇಲ್ಭಾಗದ ಉದ್ದ ಕೊಯ್ತವಾದರೆ ಸಹಜ ಹೆರಿಗೆಯ ಪ್ರಯತ್ನವೇ ಬೇಡ. ಹಿಂದಿನ ಹೆರಿಗೆಯಾಗಿ 18 ತಿಂಗಳೂ ಆಗಿಲ್ಲದಿದ್ದರೆ ಅಪಾಯ ಹೆಚ್ಚು. ನೋವು ಬರಿಸಲು ಮಿಸೊಪ್ರೊಸ್ಟಾಲ್ ಎಂಬ ಔಷಧ ಕೊಡಲೇಬಾರದು.

ತಕ್ಷಣ ಆಪರೇಷನ್ ಮಾಡಬಲ್ಲ, ರಕ್ತ ಸಿಗುವ ಆಸ್ಪತ್ರೆಯಲ್ಲೇ ಹೆರಿಗೆಯಾಗಲಿ. ಮಗುವಿನ ಎದೆಬಡಿತವನ್ನು ಎಡೆಬಿಡದೆ ಗಮನಿಸಬೇಕು. ಕೊಯ್ತ ಬಿರಿದಾಗ ಹೆಚ್ಚಾಗಿ ಮೊದಲು ಏರುಪೇರಾಗುವುದು ಆ ಬಡಿತವೇ, ಹೊಟ್ಟೆನೋವಲ್ಲ.

— ಪ್ರಸೂತಿ ವೈದ್ಯರೊಬ್ಬರು