ಮಗಳಿಗೊಂದು ಪತ್ರ: ಆ ಹಾಡನ್ನು ದಾಟಿಸಬೇಡ

ಪ್ರೀತಿಯ ಪುಟ್ಟಿ,

ಇಂಗ್ಲೆಂಡಿನ ಬೀಟಲ್ಸ್ ತಂಡದ ಆಲ್ಬಂ ‘ಸಾರ್ಜೆಂಟ್ ಪೆಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಕೇಳಿದೆ, ತುಂಬಾ ಇಷ್ಟವಾಯಿತು, ಆ ನಾಲ್ವರಲ್ಲಿ ಒಬ್ಬನಾದ ಜಾರ್ಜ್ ಹ್ಯಾರಿಸನ್ ಹಾಡು ಮಾತ್ರ ಬೋರು, ದಾಟಿಸಿಬಿಟ್ಟೆ ಅಂತ ಮೆಸೇಜ್ ಹಾಕಿದ್ದೀಯ. ಆ ಆಲ್ಬಂನಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದ ಹಾಡು ಅದೇ. ಅದಕ್ಕೇ ಫೋನಿನಲ್ಲಿ ವಾದ ಮಾಡದೆ ಬರೆಯೋಕೆ ಕೂತೆ.

1966ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾರ್ಯಕ್ರಮ ಮುಗಿದ ಮೇಲೆ ಬೀಟಲ್ಸ್ ಊರೂರು ತಿರುಗಿ ಹಾಡುವುದನ್ನು ಬಿಟ್ಟರು. ಜನರ ಕಿರುಚಾಟದಲ್ಲಿ ಅವರ ಹಾಡು ಅವರಿಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆಮೇಲೆ ನವೆಂಬರಿನಿಂದ ಏಪ್ರಿಲ್‌ವರೆಗೆ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲೇ ಠಿಕಾಣಿ. ಕೈಯಲ್ಲಿದ್ದದ್ದು ನಾಲ್ಕೇ ಟ್ರ್ಯಾಕಿನ ಟೇಪ್ ಯಂತ್ರ, ಅಂದರೆ ಒಂದು ಟೇಪಿನಲ್ಲಿ ಬೇರೆ ಬೇರೆಯಾಗಿ ಧ್ವನಿ ಹಿಡಿಯೋಕೆ ನಾಲ್ಕೇ ಸಾಲು. ನಾಲ್ಕೂ ತುಂಬಿದರೆ ಎಲ್ಲವನ್ನೂ ಬೆರೆಸಿ ಇನ್ನೊಂದು ಟೇಪಿಗೆ ಇಳಿಸಬೇಕು, ಆಗ ಸಿಕ್ಕ ಜಾಗದಲ್ಲಿ ಮತ್ತಷ್ಟು ಸೇರಿಸಬೇಕು. ಒಮ್ಮೆ ಬೆರೆಸಿದ್ದನ್ನು ಬಿಡಿಸುವ ಹಾಗಿಲ್ಲ. ನೀನು ಹೊಗಳಿದ ಆ ಸರ್ಕಸ್ ಹಾಡಿಗೆ ಜಾತ್ರೆಯ ಗದ್ದಲ ಬೇಕಿತ್ತು. ನಿರ್ಮಾಪಕ ಜಾರ್ಜ್ ಮಾರ್ಟಿನ್ ಹಳೆಯ ಸ್ಟೀಮ್ ಆರ್ಗನ್ನಿನ (ಹಬೆಯಿಂದ ನುಡಿಯುವ ವಾದ್ಯ) ಟೇಪುಗಳನ್ನು ತುಂಡು ತುಂಡಾಗಿ ಕತ್ತರಿಸಲು, ಮೇಲಕ್ಕೆ ಎಸೆಯಲು, ಕೈಗೆ ಸಿಕ್ಕ ಹಾಗೆ ಅಂಟಿಸಲು ಹೇಳಿದರು. ತಲೆ ಗಿರ್ರೆನ್ನುವ ಆ ಸದ್ದು ಬಂದದ್ದು ಹಾಗೆ.

ಈಗ ನೀನು ದಾಟಿಸಿದ ಹಾಡಿಗೆ ಬರುತ್ತೇನೆ. ‘ವಿದಿನ್ ಯೂ ವಿದೌಟ್ ಯೂ’. ಎಲ್‌ಪಿ ತಟ್ಟೆಯ ಎರಡನೇ ಬದಿಯ ಮೊದಲ ಹಾಡು, ಐದು ನಿಮಿಷದ್ದು. ಉಳಿದ ಮೂವರು ಬೀಟಲ್ಸ್ ಇದರಲ್ಲಿ ನುಡಿಸಿಯೇ ಇಲ್ಲ. 1967ರ ಮಾರ್ಚ್‌ನಲ್ಲಿ ನೆಲದ ಮೇಲೆ ಕೂತು ತಂಬೂರಿ, ತಬಲಾ, ಕಮಾನಿನಿಂದ ನುಡಿಸುವ ದಿಲ್‌ರುಬಾ ನುಡಿಸಿದವರು ಲಂಡನ್ನಿನಲ್ಲಿದ್ದ ಭಾರತೀಯರು. ಅವರು ಬಂದದ್ದು ಏಷ್ಯನ್ ಮ್ಯೂಸಿಕ್ ಸರ್ಕಲ್ ಅನ್ನುವ ಸಂಸ್ಥೆಯಿಂದ. ಅದನ್ನು 1946ರಲ್ಲಿ ಹೆಂಡತಿ ಪೆಟ್ರೀಷಿಯಾ ಜೊತೆ ಸೇರಿ ಕಟ್ಟಿದವರು ಅಯನ ಅಂಗಡಿ. ನಮ್ಮ ಉತ್ತರ ಕರ್ನಾಟಕದ ಜಕನೂರಿನವರು ಪುಟ್ಟಿ! ಹ್ಯಾರಿಸನ್‌ಗೆ ಸಿತಾರ್ ವಾದಕ ರವಿಶಂಕರ್ ಪರಿಚಯವಾದದ್ದೂ 1966ರಲ್ಲಿ ಅವರ ಲಂಡನ್ ಮನೆಯಲ್ಲೇ. ಬೀಟಲ್ಸ್ ಬಗ್ಗೆ ಇಷ್ಟೊಂದು ಮಾತಾಡುವ ನಮ್ಮ ಜನ ಅವರ ಹೆಸರು ಎತ್ತುವುದೇ ಅಪರೂಪ. ನನಗೆ ಅದು ನಿಜಕ್ಕೂ ಬೇಜಾರು.

ನೀನು ಪಿಟೀಲು ಕಲಿತವಳು, ಅದಕ್ಕೇ ಹೇಳುತ್ತಿದ್ದೇನೆ. ಸ್ವರಗಳನ್ನು ಹಿಡಿದು ನೋಡು, ಹರಿಕಾಂಭೋಜಿ ರಾಗದವೇ. ಹ್ಯಾರಿಸನ್ ಹಾಡುವಾಗ ದಿಲ್‌ರುಬಾ ಅವನ ದನಿಗೆ ಅಂಟಿಕೊಂಡೇ ಹೋಗುತ್ತದೆ, ಅವನು ಜಾರಿದಲ್ಲಿ ಅದೂ ಜಾರುತ್ತದೆ. ಹಾಡಿನ ಮಧ್ಯದಲ್ಲಿ ಮಾತು ನಿಂತು ತಾಳ ಐದರ ಎಣಿಕೆಗೆ ಬರುತ್ತದೆ, ನಮ್ಮ ಖಂಡ ಚಾಪಿನ ಹಾಗೆ. ದಿಲ್‌ರುಬಾ ಒಂದು ಸಾಲು ನುಡಿಸುತ್ತದೆ, ಸಿತಾರ್ ಉತ್ತರ ಕೊಡುತ್ತದೆ. ಅಲ್ಲಿ ಪಾಶ್ಚಾತ್ಯ ಪಿಟೀಲುಗಳೂ ಬರುತ್ತವೆ. ಎಂಟು ವಯಲಿನ್, ಮೂರು ಚೆಲ್ಲೋ, ಏಪ್ರಿಲ್‌ನಲ್ಲಿ ಸೇರಿಸಿದ್ದು. ಬರೆದ ಸ್ವರವನ್ನು ನೇರವಾಗಿ ಹಿಡಿದು ನುಡಿಸುವುದು ಆ ವಾದಕರ ಅಭ್ಯಾಸ. ಇಲ್ಲಿ ಮಾತ್ರ ದಿಲ್‌ರುಬಾದ ಎಳೆತವನ್ನು ಹಿಂಬಾಲಿಸಿ ಬೆರಳು ಜಾರಿಸಬೇಕಾಯಿತು. ಅದನ್ನು ಅವರಿಗೆ ತಿಳಿಯುವ ಹಾಗೆ ಬರೆದುಕೊಟ್ಟದ್ದು ಮಾರ್ಟಿನ್. ಸುಮ್ನೆ ಚೆಂದಕ್ಕೆ ಸಿತಾರ್ ಸೇರಿಸಿದ ಹಾಡುಗಳು ಆ ಕಾಲದಲ್ಲಿ ಬೇಕಾದಷ್ಟಿವೆ. ಇದು ಆ ಜಾತಿಯದ್ದಲ್ಲ. ಇಲ್ಲಿ ಲಂಡನ್ನಿನ ಪಿಟೀಲುಗಳು ನಮ್ಮ ದಾರಿಯಲ್ಲಿ ನಡೆಯೋಕೆ ಒಪ್ಪಿಕೊಂಡಿವೆ. ಆಗ ಹ್ಯಾರಿಸನ್‌ಗೆ ಇಪ್ಪತ್ನಾಲ್ಕು ವರ್ಷ, ಸಿತಾರ್ ಕಲಿಯೋಕೆ ಶುರು ಮಾಡಿ ಜಾಸ್ತಿ ದಿನವೂ ಆಗಿರಲಿಲ್ಲ. ಆ ಶ್ರದ್ಧೆ ನನಗೆ ದೊಡ್ಡದು.

ಕೊನೆಯಲ್ಲಿ ಒಂದು ನಗು ಕೇಳಿಸುತ್ತದೆ. ಹ್ಯಾರಿಸನ್ನೇ ಬೇಕೆಂದು ಹಾಕಿಸಿದ್ದು. ಅಷ್ಟು ಗಂಭೀರವಾದ ಹಾಡಾದ ಮೇಲೆ ಕೇಳುವವರಿಗೆ ಸ್ವಲ್ಪ ಹಗುರವಾಗಲಿ ಅಂತ. ಅದು ಬರುವ ತನಕ ಕೇಳು.

ಫೋನಿನ ಸ್ಪೀಕರಿನಲ್ಲಿ ಬೇಡ, ತಂಬೂರಿ ಕೇಳಿಸುವುದೇ ಇಲ್ಲ. ಹೆಡ್‌ಫೋನ್ ಹಾಕಿಕೋ. ಭಾನುವಾರ ಮಾತಾಡುವಾಗ ಪಿಟೀಲು ಪಕ್ಕದಲ್ಲಿಟ್ಟುಕೋ, ಆ ಐದರ ಎಣಿಕೆಯ ಭಾಗ ಇಬ್ಬರೂ ಸೇರಿ ನುಡಿಸಿ ನೋಡೋಣ. ತಾಳ ನಾನು ಹಾಕುತ್ತೇನೆ.

ನಿನ್ನ ಅಮ್ಮ