ಸೊರಗಿದ ಮೀನಿನ ಚಿಂತಿ

ಹಾವೇರಿ

ಚಿ. ಗಿರಿಜಾಗ ನಿನ್ನ ಅತ್ತಿಯ ಆಶೀರ್ವಾದ.

ಮನಿ ಸುದ್ದಿ ಫೋನಿನ್ಯಾಗ ಆಗೇತಿ, ಬಿಡು. ಮೀನಿನ ಲಸಿಕಿ ಮ್ಯಾಲಿನ ನಿನ್ನ ಸಂಶೋಧನಾದ ಬಗ್ಗೆ ಪತ್ರದಾಗ ನೀ ಕಡೀಕ ಬರದ ಒಂದು ಸಾಲು ನನಗ ನಿದ್ದಿ ಹತ್ತಗೊಡಲಿಲ್ಲ. "ಲಸಿಕಿ ಮೇವಿನ್ಯಾಗ ಕೊಟ್ರ, ಸೊರಗಿದ ಮೀನು ಮೇವಿಗೇ ಬರಂಗಿಲ್ಲಲ್ಲ ಅತ್ತಿ?"

ಕ್ಲಾಮಿಡೊಮೊನಾಸ್ ಅನ್ನೋ ಪಾಚಿಯೊಳಗ ರೋಗಾಣುವಿನ ಒಂದು ತುಣುಕು ತಯಾರಾಗೂ ಹಂಗ ಮಾಡತೀರಿ, ಅದ ಲಸಿಕಿ; ಆ ಪಾಚೀನ ಮೇವಿನ್ಯಾಗ ಬೆರಸಿದ್ರ ಪಾಚಿಯ ಗೋಡಿ ಅದನ್ನ ಕರುಳಿನ ತನಕ ಕಾಯತೈತಿ. ಇಷ್ಟು ನನ್ನ ತಲ್ಯಾಗ ಹೊಕ್ಕೈತಿ. ಒಂದೊಂದೇ ಮೀನು ಹಿಡದು ಸೂಜಿ ಚುಚ್ಚೂದು ಕೆರಿ ಗುತ್ತಿಗಿ ಹಿಡದವರ ಕೈಲೆ ಆಗೂ ಮಾತಲ್ಲ, ಅದೂ ಖರೇ. ಆದ್ರ ನಿನ್ನ ಅಂಜಿಕಿ ಸುಳ್ಳಲ್ಲವ್ವಾ.

ಪಲ್ಸ್ ಪೋಲಿಯೋ 1995ರಾಗ ಶುರುವಾತು. ಅಂಗನವಾಡಿ ಟೀಚರ್ ಅಂದ ಮ್ಯಾಲ ಬೂತಿನ್ಯಾಗ ಕುಂದ್ರೂದು ನಮ್ಮ ಪಾಲಿಗೇ. ಅಲ್ಲಿಗೆ ಬರೋವೆಲ್ಲ ಎಣ್ಣಿ ಹಚ್ಚಿ ತಲಿ ಬಾಚಿದ ಮಕ್ಕಳು. ಬರಬೇಕಾದವು ಬರತಿರಲಿಲ್ಲ. ಆಮ್ಯಾಲ ಮನಿಮನಿ ತಿರುಗತಿದ್ವಿ. ಎಲ್ಲಾ ಕೂಸುಗಳಿಗೂ ಹನಿ ಬಿದ್ದಿದ್ರ ಬಾಗಲಕ್ಕ ಸೀಮಿಸುಣ್ಣದಾಗ 'ಪಿ', ಒಂದು ತಪ್ಪಿದ್ರೂ 'ಎಕ್ಸ್'. ಹನಿ ಕುಡದ ಕೂಸಿನ ಎಡಗೈ ಕಿರುಬೆರಳಿಗೆ ಮಸಿ. ಇಟ್ಟಂಗಿ ಭಟ್ಟಿ ಕಡೆ ಒಂದು ಗುಡಸಲಕ್ಕ 'ಎಕ್ಸ್' ಬರದು ಬಂದಿದ್ದೆ. ಮರುದಿನ ಹೋದ್ರ ಖಾಲಿ, ಗೋವಾಕ್ಕ ದುಡ್ಯಾಕ ಹೋದ್ರಂತ. 2014ರಾಗ ದೇಶ ಪೋಲಿಯೋ ಮುಕ್ತ ಆತು, ಎಲ್ಲಾರೂ ಫೇಡಾ ತಿಂದ್ವಿ. ಆ ಕೂಸಿನ ಹೆಸರು ಸೈತ ನನಗ ಗೊತ್ತಿಲ್ಲ.

ನಿನ್ನ ಮೀನಿಗೆ ಮಸಿ ಹಚ್ಚಾಕ ಬೆರಳೂ ಇಲ್ಲ. ಯಾವುದು ತಿಂತು, ಯಾವುದು ಬಿಡ್ತು, ಹೆಂಗ ತಿಳೀಬೇಕು?

ನಾ ಹೇಳೂದು ನಿನಗ ನಗಿ ಬಂದೀತು. ಕಾಟ್ಲಾ ಮ್ಯಾಲ, ರೋಹು ನಡುವ, ಮೃಗಾಲ ತಳದಾಗ ಮೇಯತೈತಿ ಅಂತ ನೀನ ಹೇಳಿದ್ದಿ. ತೇಲೂ ಮೇವಷ್ಟ ಹಾಕಿದ್ರ ತಳದಾವಕ್ಕ ಏನು ಸಿಗತೈತಿ? ದೊಡ್ಡವು ಸಣ್ಣವು ಬ್ಯಾರೆ ಮಾಡಾಕ ಬರತೈತೇನೋ. ಅಂಗನವಾಡ್ಯಾಗ ನಾ ಸಣ್ಣವಕ್ಕ ಮೊದಲ ಬಡಸತಿದ್ದೆ. ರೋಗ ಬಿದ್ದ ಮ್ಯಾಲ ಮೇವು ಬಿಡತಾವಂದ್ರ ಮೈ ಗಟ್ಟಿ ಇದ್ದಾಗ್ಲೇ ಕೊಡಬೇಕಲ್ಲ. ಹಂಗಂತ ದಿನಾ ಸುರಿಯಾಕೂ ಬರಂಗಿಲ್ಲ, ಬಾಳ ತಿಂದ್ರ ಮೈ ಅದಕ್ಕ ಒಗ್ಗಿ ಸುಮ್ಮನಾಗಿಬಿಡಬಹುದು ಅಂತ ನೀನ ಬರದೀದಿ. ಇದ್ರಾಗ ನನ್ನ ಶ್ಯಾಣೇತನ ನಡಿಯಂಗಿಲ್ಲ.

ಒಂದು ಮಾತ್ರ ಮಾಡು. ಲಸಿಕಿ ಹತ್ತೈತೇನು ಅಂತ ನೋಡೂ ರಕ್ತ ಪರೀಕ್ಷೆಗೆ ಬಲ್ಯಾಗ ಮೊದಲ ಬಿದ್ದ ದಪ್ಪ ಮೀನಷ್ಟ ತಗೀಬ್ಯಾಡ, ಮೂಲ್ಯಾಗ ನಿಂತ ಬಡಕಲು ಮೀನನ್ನೂ ಹುಡುಕಿ ಹಿಡಿ. ಅವುಗಳ ಲೆಕ್ಕ ಬ್ಯಾರೆ ಬರದಿಡು. ನಿಮ್ಮ ಗೈಡ್ ಸರ್ ಎಷ್ಟು ಉಳದುವು ಅಂತಷ್ಟ ಕೇಳಿದ್ರೂ, ಸತ್ತವು ಯಾವು ಅನ್ನೂದನ್ನೂ ಬರಿ. ಮುಂದಿನ ಪತ್ರದಾಗ ನನಗ ಅದನ್ನ ಮೊದಲು ತಿಳಸು.

ನಿನ್ನ ಅತ್ತಿ