ಪಿಎಚ್‌ಡಿ ಮುಗಿಯಿತು, ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು

ಮೊನ್ನೆ ಮಂಗಳವಾರ ಟೋಕಿಯೋದಲ್ಲಿ ನನ್ನ ವೈವಾ ಆಯಿತು. ಮೆಸೇಜ್ ಮಾಡಿದ ಒಬ್ಬೊಬ್ಬರಿಗೂ ಉತ್ತರ ಬರೆಯಲು ಆಗಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಗೈಡ್, ಲ್ಯಾಬಿನ ಗೆಳೆಯರು, ಹಬ್ಬ ಬಂದರೆ ತಪ್ಪದೆ ಊಟಕ್ಕೆ ಕರೆದ ಇಲ್ಲಿನ ಕನ್ನಡದ ಮನೆಗಳು, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಅಮ್ಮನ ವಿಷಯ ನಿಮಗೆ ಗೊತ್ತೇ ಇದೆ. ಶಿವಮೊಗ್ಗದ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಡಯಾಲಿಸಿಸ್ ನೀರಿನ 2 ಲೀಟರ್ ಬ್ಯಾಗ್ ನೇತುಹಾಕಿ, ಟ್ಯೂಬಿನಿಂದ ಅಮ್ಮನ ಹೊಟ್ಟೆಗೆ ಬಿಡುತ್ತಿದ್ದೆವು. ಕಿಡ್ನಿ ಮಾಡಬೇಕಾದ ಕೆಲಸವನ್ನು ಅವರ ಹೊಟ್ಟೆಯ ಒಳಪೊರೆ ಮಾಡುತ್ತಿತ್ತು. ಆ ಪೊರೆಯ ಮೇಲ್ಪದರ ಬರೀ ಒಂದು ಸಾಲು ಜೀವಕೋಶ. ಕರುಳು ಒಂದಕ್ಕೊಂದು ಅಂಟದೆ ಜಾರಾಡುವುದು ಆ ಸಾಲಿನಿಂದಲೇ. ಡಯಾಲಿಸಿಸ್ ನೀರಿನ ಸಕ್ಕರೆ, ಮತ್ತೆ ಮತ್ತೆ ಬರುವ ಸೋಂಕು, ಎರಡೂ ಅದನ್ನು ಸವೆಸುತ್ತವೆ. ಸವೆದ ಜಾಗಕ್ಕೆ ಹೊಸ ಪದರ ಹಾಸಲು ಆಗುತ್ತಾ? ಇಷ್ಟು ವರ್ಷ ನಾನು ಹಿಡಿದು ಕೂತಿದ್ದು ಇದನ್ನೇ.

ಇದಕ್ಕೆ ಬೇಕಾದ, ಜೀವಕೋಶ ಬೆಳೆಸುವ ತಟ್ಟೆಯನ್ನು ರೂಪಿಸಿಕೊಟ್ಟವರು ಟೋಕಿಯೋ ಮಹಿಳಾ ವೈದ್ಯಕೀಯ ವಿಶ್ವವಿದ್ಯಾಲಯದ ತೆರುವೊ ಒಕಾನೊ ಮತ್ತು ಅವರ ಸಂಗಡಿಗರು. ತಟ್ಟೆಯ ತಳಕ್ಕೆ ಒಂದು ಪಾಲಿಮರ್ ಲೇಪನ ಇರುತ್ತದೆ. 37 ಡಿಗ್ರಿಯಲ್ಲಿ ಜೀವಕೋಶ ಅದಕ್ಕೆ ಕಚ್ಚಿಕೊಂಡು ಬೆಳೆಯುತ್ತದೆ. ಸುಮಾರು 32 ಡಿಗ್ರಿಗಿಂತ ಕೆಳಗೆ ಇಳಿದರೆ ಲೇಪನ ನೀರು ಕುಡಿದು ಹಿಡಿತ ಬಿಡುತ್ತದೆ. ಕಿಣ್ವ ಹಾಕಿ ಬಿಡಿಸಬೇಕಾಗಿಲ್ಲ. ಪದರ ಇಡಿಯಾಗಿ, ತನ್ನ ತಳದ ಅಂಟಿನ ಸಮೇತ ಎದ್ದು ಬರುತ್ತದೆ. ಹೊಟ್ಟೆಯೊಳಗೆ ಇಟ್ಟರೆ ಹೊಲಿಗೆ ಇಲ್ಲದೆ ಕೂರುತ್ತದೆ.

ಈಗ ಒಂದು ರಾತ್ರಿಯ ಮಾತು.

ಮರುದಿನ ಬೆಳಿಗ್ಗೆ ಇಲಿಗಳ ಆಪರೇಷನ್ ಇತ್ತು. ಎಂಟು ತಟ್ಟೆ ತಯಾರಾಗಿದ್ದವು. ತಟ್ಟೆಗಳನ್ನು 37 ಡಿಗ್ರಿಯಲ್ಲಿ ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಯನ್ನು ನಾನು ತೆರೆದು ನೋಡುತ್ತಿದ್ದಾಗ ಅಣ್ಣನ ಫೋನ್ ಬಂತು. "ಬ್ಯಾಗಿನ ನೀರು ಮಬ್ಬಾಗಿದೆ ಕಣೇ, ಅಮ್ಮನಿಗೆ ಜ್ವರ. ಆಸ್ಪತ್ರೆಗೆ ಹೊರಟಿದ್ದೀವಿ." ಹೊಟ್ಟೆಯಲ್ಲಿ ಸೋಂಕು ಎಂದು ಗೊತ್ತಾಯಿತು. ಕಾರಿಡಾರಿಗೆ ಓಡಿದೆ. ಬಾಗಿಲು ಹಾಕಲಿಲ್ಲ. ಅಲಾರಂ ಕೂಗಿದ್ದು ಕೇಳಿಸಲೂ ಇಲ್ಲ.

ವಾಪಸ್ ಬಂದಾಗ ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಅಮ್ಮ ಬಾಗಿಲು ಮುಚ್ಚಿ ಒಂದೊಂದೇ ತಟ್ಟೆಯನ್ನು ಬೆಳಕಿಗೆ ಹಿಡಿದಿದ್ದರು. ಕಾದ ಹಾಲಿನ ಮೇಲೆ ಕೆನೆ ಸುಕ್ಕುಗಟ್ಟುತ್ತದಲ್ಲ, ಹಾಗೆ ಪದರಗಳು ಅಂಚು ಬಿಟ್ಟು ಮುದುಡಿ ತೇಲುತ್ತಿದ್ದವು. ಆರು ಹೋಗಿದ್ದವು. ಅವರು ಬೈಯಲಿಲ್ಲ. ನನ್ನ ಮುಖ ನೋಡಿ, "ಊರಿಂದಲಾ?" ಎಂದು ಕೇಳಿದರು, ಅಷ್ಟೇ.

ನಾನು ನೆಲದ ಮೇಲೆ ಕೂತುಬಿಟ್ಟೆ. ಅಮ್ಮನ ಹತ್ತಿರವೂ ಇಲ್ಲ, ಅಮ್ಮನಿಗಾಗಿ ಶುರು ಮಾಡಿದ ಕೆಲಸವೂ ಹೋಯಿತು. ಯಾಕೆ ಬಂದೆ ಇಷ್ಟು ದೂರ? ಜೋರಾಗಿ ಅತ್ತೆ, ಕನ್ನಡದಲ್ಲೇ ಏನೇನೋ ಹೇಳಿದೆ. ಅವರಿಗೆ ಒಂದು ಪದವೂ ಅರ್ಥ ಆಗಿರಲಿಕ್ಕಿಲ್ಲ. ಪಕ್ಕದಲ್ಲಿ ತಾವೂ ನೆಲದ ಮೇಲೆ ಕೂತರು. ಕೊನೆಯ ರೈಲು ಹೋಯಿತು, ಏಳಲಿಲ್ಲ. ನಡುರಾತ್ರಿ ದಾಟಿದ ಮೇಲೆ ಅಣ್ಣ ಮತ್ತೆ ಫೋನ್ ಮಾಡಿ, ಆಂಟಿಬಯೋಟಿಕ್ ಶುರುವಾಗಿದೆ ಎಂದ. ಆಮೇಲೆ ಅವರು ಅಕ್ಕಿಯುಂಡೆಯ ಪ್ಯಾಕೆಟ್ ಬಿಡಿಸಿ ಅರ್ಧ ನನ್ನ ಕೈಗಿಟ್ಟರು. ತಿನ್ನುವವರೆಗೂ ನೋಡುತ್ತಾ ಕೂತಿದ್ದರು.

ಬೆಳಿಗ್ಗೆ ಉಳಿದ ಎರಡು ತಟ್ಟೆ ತಂದಿಟ್ಟು, "ಇವತ್ತು ಎರಡು" ಎಂದರು. ನನ್ನ ಕೈ ನಡುಗುತ್ತಿತ್ತು. ಪದರದ ಮೇಲೆ ಆಧಾರದ ತೆಳು ಹಾಳೆ ಇಟ್ಟು, ತಣ್ಣಗಾಗುವವರೆಗೆ ಕಾದಿದ್ದು, ಒಂದು ಮೂಲೆಯಿಂದ ಎತ್ತಬೇಕು. ಇಕ್ಕಳ ಹಿಡಿದ ನನ್ನ ಮಣಿಕಟ್ಟಿನ ಕೆಳಗೆ ಅವರು ತಮ್ಮ ಅಂಗೈ ಕೊಟ್ಟರು. ಎರಡೂ ಪದರ ಹರಿಯದೆ ಬಂದವು.

ಆ ಸೋಂಕಿನ ನಂತರ ಅಮ್ಮನ ಹೊಟ್ಟೆಯ ಟ್ಯೂಬ್ ತೆಗೆದರು. ಈಗ ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ರಕ್ತದ ಡಯಾಲಿಸಿಸ್. ನಾನು ಮಾಡಿದ್ದು ಇಲಿಗಳಲ್ಲಿ ಮಾತ್ರ, ಅಮ್ಮನಿಗೆ ಇದು ಒದಗುವುದಿಲ್ಲ. ಇದನ್ನು ಅಮ್ಮನಿಗೆ ಹೇಳಿದಾಗ, "ಇನ್ಯಾರಿಗಾದರೂ ಆಗುತ್ತದಲ್ಲ, ಮುಗಿಸು" ಎಂದರು. ಅಣ್ಣ, ಅತ್ತಿಗೆ, ನೀವಿಬ್ಬರೂ ನನ್ನ ಪಾಲಿನ ಆರೈಕೆಯನ್ನೂ ಮಾಡಿದ್ದೀರಿ. ನನಗೆ ಗೊತ್ತು.

ಅಮ್ಮ ಒಂದು ಡಬ್ಬ ಅರಳು ಸಂಡಿಗೆ ಕಳಿಸಿದ್ದಾರೆ, "ನಿನ್ನ ಜೊತೆ ಕೂತವರಿಗೆ" ಎಂದು. ಶನಿವಾರ ಟೆಕ್ನಿಷಿಯನ್ ಅಮ್ಮನ ಮನೆಗೆ ಹೋಗಿ ನಾನೇ ಕರಿದು ಕೊಡುತ್ತೇನೆ.